ಬಾವಿಗೆ ಇಳಿಸಿದ ಬೆಳಕು

ನೀರಿನೊಳಗೆ ವಿಡಿಯೋ ತೆಗೆಯಲು ಒಂದು ಜೊತೆ ಲೈಟು ಕೊಳ್ಳಬೇಕೆಂದು ನಾನು ಹೆಚ್ಚೂಕಡಿಮೆ ಒಂದು ವರ್ಷ ಯೋಚಿಸಿದೆ. ಕೊನೆಗೆ ಕೊಂಡದ್ದು ಒಂದೇ ಬೆಳಗಿನಲ್ಲಿ, ಅದೂ ಹಳೆಯದು, ಅದೂ ಚೌಕಾಸಿ ಮಾಡದೆ. ಯಾಕೆಂದರೆ ಜಗಳೂರಿನ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಊಟ ಬಿಟ್ಟು ಕೂತಿದ್ದರು.

ಚನ್ನಗಿರಿಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪುಗಳ ಸುರುಳಿ ಬಿಚ್ಚಿ ಹೊಸ ತಂತಿ ಸುತ್ತುವ ಕೆಲಸ. ಮೋಟರು ಸುಟ್ಟ ದಿನ ತೋಟದವರಿಗೆ ನನಗಿಂತ ಬೇಕಾದವನು ಇನ್ನೊಬ್ಬನಿಲ್ಲ. ನೀರು ಬಂದ ಮರುದಿನ ಎದುರಿಗೆ ಸಿಕ್ಕರೂ ಗುರುತು ಹಿಡಿಯುವುದಿಲ್ಲ. ಹೆಂಡತಿ ಇದ್ದಾಗ ಈ ಮಾತನ್ನು ಅವಳ ಮುಂದೆ ಆಡಿ, "ಮತ್ತೇನು, ನಿಮ್ಮನ್ನ ಹೊತ್ಕೊಂಡು ಮೆರವಣಿಗೆ ಮಾಡ್ಬೇಕಿತ್ತಾ?" ಎಂದು ಬೈಸಿಕೊಳ್ಳುತ್ತಿದ್ದೆ. ಅವಳು ತೀರಿಹೋದ ಮೇಲೆ ಬೈಯುವವರಿಲ್ಲದೆ ಇಂಥ ಮಾತುಗಳು ಬಾಯಲ್ಲೇ ಉಳಿದವು. ನಮಗೆ ಮಕ್ಕಳಿಲ್ಲ. ಅಂಗಡಿಯ ಮೇಲೆಯೇ ಮನೆ. ಸಂಜೆ ಷಟರ್ ಎಳೆದು ಮೆಟ್ಟಿಲು ಹತ್ತಿದೆನೆಂದರೆ ಬೆಳಗಿನ ತನಕ ನನ್ನ ಧ್ವನಿ ನನಗೇ ಕೇಳಿಸುತ್ತಿರಲಿಲ್ಲ.

ನೀರಿಗಿಳಿಯುವ ಪುಟ್ಟ ಆಕ್ಷನ್ ಕ್ಯಾಮೆರಾ ಕೊಂಡಾಗ, ತೆರೆದ ಬಾವಿಗಳಲ್ಲಿ ಪೈಪಿನ ತುದಿಯ ಫುಟ್‌ವಾಲ್ವ್ ಕಟ್ಟಿಕೊಂಡಿದೆಯೋ ಇಲ್ಲವೋ ಮೇಲಿಂದಲೇ ನೋಡಬಹುದು ಎಂದು ಅಕ್ಕಪಕ್ಕದ ಅಂಗಡಿಯವರಿಗೆ ಹೇಳಿದ್ದೆ. ಅದು ನೆಪ. ನಿಜ ಹೇಳಬೇಕೆಂದರೆ ಭಾನುವಾರಗಳನ್ನು ಏನು ಮಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಮೊದಲ ಭಾನುವಾರ ಸೂಳೆಕೆರೆಗೆ ಹೋಗಿ ಹಗ್ಗಕ್ಕೆ ಕಟ್ಟಿ ಇಳಿಸಿದೆ. ಮನೆಗೆ ಬಂದು ವಿಡಿಯೋ ನೋಡಿದರೆ ಮೊದಲಿನಿಂದ ಕೊನೆಯವರೆಗೂ ಪಾಲಕ್ ಸಾರಿನ ಹಸಿರು. ಮೀನಿಲ್ಲ, ಕಲ್ಲಿಲ್ಲ, ನೆಲವೂ ಇಲ್ಲ. ಲೈಟು ಬೇಕು ಅನ್ನಿಸಿದ್ದು ಆಗ.

ಆ ಮೇಲೆ ಶುರುವಾಯಿತು ನೋಡಿ ಆಯ್ಕೆ. ಸಂಜೆಯಾದರೆ ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿಟ್ಟುಕೊಂಡು, ಯಾವ ಯಾವುದೋ ದೇಶದವರು ಸಮುದ್ರದೊಳಗೆ ಲೈಟು ಹಿಡಿದು ತೋರಿಸುವ ವಿಡಿಯೋಗಳನ್ನು ನೋಡುತ್ತ ಕೂರುತ್ತಿದ್ದೆ. ಭಾಷೆ ಪೂರ್ತಿ ಅರ್ಥವಾಗದಿದ್ದರೂ ಸಾಮಾನಿನ ಮಾತು ಅರ್ಥವಾಗುತ್ತಿತ್ತು. ಅಗ್ಗದ ಲೈಟಿನ ಡಬ್ಬಿಯ ಮೇಲೆ ಬರೆದ ಲುಮೆನ್ ಲೆಕ್ಕವನ್ನು, ಅಂದರೆ ಬೆಳಕಿನ ಅಳತೆಯನ್ನು, ಅರ್ಧಕ್ಕರ್ಧ ಕಳೆದು ನಂಬಬೇಕು. ಟಾರ್ಚು ಬೇರೆ, ವಿಡಿಯೋ ಲೈಟು ಬೇರೆ. ಟಾರ್ಚಿನ ಬೆಳಕು ನಡುವೆ ಒಂದು ಬಿಳಿ ತಟ್ಟೆ ಇಟ್ಟು ಸುತ್ತ ಕತ್ತಲೆ ಬಿಡುತ್ತದೆ, ವಿಡಿಯೋಕ್ಕೆ ಅಗಲವಾಗಿ ಹರಡುವ ಬೆಳಕು ಬೇಕು. ಕಡಿಮೆ ಬೆಳಕಿಗಿಟ್ಟಾಗ ಕೆಲವು ಲೈಟುಗಳು ಕಣ್ಣಿಗೆ ಕಾಣದಂತೆ ಮಿಣುಕುತ್ತವೆ, ವಿಡಿಯೋದಲ್ಲಿ ಅಡ್ಡಪಟ್ಟಿ ಬೀಳುತ್ತವೆ. ಬ್ಯಾಟರಿ ಬಿಚ್ಚಲು ಬರಬೇಕು, ಒಳಗೇ ಮುಚ್ಚಿಟ್ಟದ್ದಾದರೆ ಎರಡು ವರ್ಷಕ್ಕೆ ಕಸ. ನೀರು ಒಳಗೆ ಹೋಗದ ಹಾಗೆ ಕಾಯುವುದು ಒಂದು ರಬ್ಬರ್ ರಿಂಗು ಮಾತ್ರ. ಸಬ್‌ಮರ್ಸಿಬಲ್ ಮೋಟರಿನಲ್ಲೂ ಅದೇ, ಹಾಗಾಗಿ ಆ ವಿಷಯದಲ್ಲಿ ಯಾರೂ ನನಗೆ ಪಾಠ ಹೇಳಬೇಕಾಗಿರಲಿಲ್ಲ.

ಒಂದು ಲೈಟನ್ನು ಆರಿಸಿ ಆನ್‌ಲೈನ್ ಅಂಗಡಿಯ ಬುಟ್ಟಿಗೆ ಹಾಕುತ್ತಿದ್ದೆ, ಮರುದಿನ ತೆಗೆಯುತ್ತಿದ್ದೆ. ದುಡ್ಡಿನ ಯೋಚನೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಯೋಚನೆ, ಕೊಂಡುಬಿಟ್ಟರೆ ಸಂಜೆಗೆ ಏನು ಮಾಡುವುದು ಎನ್ನುವುದು. ಮನೆಯಲ್ಲಿ ಯಾರೋ ಮಾತಾಡುತ್ತಿರುವ ಸದ್ದು ನನಗೆ ಬೇಕಾಗಿತ್ತು. ಒಂದೇ ಸಿಟ್ಟೆಂದರೆ, ಆ ವಿಡಿಯೋದವರೆಲ್ಲ ಕೊನೆಗೆ ಒಂದು ಮಾತು ತಪ್ಪದೆ ಹೇಳುತ್ತಿದ್ದರು: ಒಬ್ಬರೇ ನೀರಿಗಿಳಿಯಬೇಡಿ, ಜೊತೆಗೊಬ್ಬರಿರಲಿ. ಆ ಜಾಗ ಬಂದ ತಕ್ಷಣ ಬಂದ್ ಮಾಡುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಹೆಂಡತಿಯ ತಮ್ಮನ ಫೋನು ಬಂತು. ಅವಳು ಹೋದ ಮೇಲೆ ಆ ಮನೆಯವರಿಗೂ ನನಗೂ ಜಗಳವೇನೂ ಆಗಿರಲಿಲ್ಲ. ಮಾತಾಡಲು ವಿಷಯವಿರಲಿಲ್ಲ ಅಷ್ಟೇ. ಹಬ್ಬಕ್ಕೆ ಒಂದು ಫೋನು, ಆಮೇಲೆ ಅದೂ ಒಂದು ಮೆಸೇಜಾಗಿತ್ತು.

"ಭಾವ, ನಿಮ್ ಹತ್ರ ನೀರಾಗ ಇಳಿಸೋ ಕ್ಯಾಮೆರಾ ಐತಂತಲ್ಲ?" ಅಂದ. "ಅವ್ವನ ಲಿಂಗ ಬಾವಿಗೆ ಬಿದ್ದೈತೆ. ಬೆಳಿಗ್ಗೆ ಪೂಜೆಗೆ ನೀರು ಸೇದಾಕೆ ಬಗ್ಗಿದಾಗ ದಾರ ಹರಿದು ಹೋತು. ಆವಾಗಿಂದ ಒಂದ್ ತುತ್ತು ಬಾಯಿಗೆ ಹಾಕಿಲ್ಲ."

ನಮ್ಮ ಮನೆಗಳಲ್ಲಿ ಹಿರಿಯರು ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಉಣ್ಣುವವರಲ್ಲ. ಲಿಂಗವೇ ಇಲ್ಲವೆಂದರೆ ಪೂಜೆ ಎಲ್ಲಿಯದು, ಊಟ ಎಲ್ಲಿಯದು. ಕಳೆದರೆ ಮಠದಲ್ಲಿ ಬೇರೆ ಲಿಂಗ ಕಟ್ಟುತ್ತಾರೆ, ಅದಕ್ಕೆ ದೋಷವೇನಿಲ್ಲ. ಸ್ವಾಮಿಗಳೂ ಹಾಗೆಂದೇ ಹೇಳಿ ಕಳಿಸಿದ್ದರಂತೆ. ಅತ್ತೆ ಒಪ್ಪಿರಲಿಲ್ಲ. ಬಾವಿಯ ನೀರಿನಲ್ಲಿ ಇರುವುದನ್ನು ಹುಡುಕದೆ ಕೈಬಿಡುವುದು ಹೇಗೆ ಎಂದು ಪಟ್ಟು ಹಿಡಿದಿದ್ದರು. ಮಗ ಕಾಲಿಗೆ ಬಿದ್ದ ಮೇಲೆ ನೀರು ಮಾತ್ರ ಕುಡಿದಿದ್ದರು. ಈಜು ಬರುವವರಿಬ್ಬರು ಮುಳುಗಿ ತಡಕಾಡಿ, ಕೆಸರು ಎಬ್ಬಿಸಿ, ಬರಿಗೈಯಲ್ಲಿ ಮೇಲೆ ಬಂದಿದ್ದರು. ಮೂರು ಆಳು ನೀರು, ತಳದಲ್ಲಿ ಕತ್ತಲೆ.

"ಲೈಟು ಐತಾ ಅದಕ್ಕೆ?" ಎಂದು ಕೇಳಿದ.

"ಐತೆ" ಅಂದುಬಿಟ್ಟೆ. ಇರಲಿಲ್ಲ. ಒಂದು ವರ್ಷದಿಂದ ಅದರ ಜೊತೆಗೇ ಸಂಸಾರ ಮಾಡಿದ್ದೆನಲ್ಲ, ಇದೆ ಎಂದೇ ಬಾಯಿಗೆ ಬಂತು.

ಆನ್‌ಲೈನಿನಲ್ಲಿ ತರಿಸಿದರೆ ವಾರ ಹಿಡಿಯುತ್ತದೆ. ಅಷ್ಟು ಹೊತ್ತು ಕಾಯುವ ವಯಸ್ಸಲ್ಲ ಅತ್ತೆಯದು. ಮರುದಿನ ನಸುಕಿಗೇ ಬೈಕು ಹತ್ತಿ ಹೊನ್ನಾಳಿಗೆ ಹೋದೆ. ತುಂಗಭದ್ರೆಯ ದಡದ ಊರು, ಮೀನು ಹಿಡಿಯುವವರ ಸಾಮಾನು ಮಾರುವ ಅಂಗಡಿಯಿದೆ, ನೀರಿನ ದೀಪ ಸಿಗದೆ ಇದ್ದೀತೇ ಎಂದುಕೊಂಡೆ. ಬಲೆ, ಗಾಳ, ಬೆಂಡುಗಳ ನಡುವೆ ತಲೆಗೆ ಕಟ್ಟುವ ದೀಪವೊಂದನ್ನು ಅಂಗಡಿಯವರು ತೆಗೆದುಕೊಟ್ಟರು. "ವಾಟರ್‌ಪ್ರೂಫ್ ಏನ್ರೀ?" ಅಂದೆ.

"ಮಳೇಲಿ ನೆನೆದ್ರೆ ಏನೂ ಆಗಲ್ಲ ರೀ. ಮುಳುಗಿಸಿದ್ರೆ ನಾವು ಹೊಣೆ ಅಲ್ಲ."

ಅವರ ಬಕೆಟ್ಟಿನಲ್ಲೇ ಅದ್ದಿ ತೋರಿಸಿ ಎಂದು ಹಟ ಹಿಡಿದೆ. ಅವರು ಒಳ್ಳೆಯವರು, ಅದ್ದಿದರು. ಗಾಜಿನೊಳಗೆ ನೀರು ಸಣ್ಣಗೆ ಏರಿತು. ಇಬ್ಬರೂ ಅದನ್ನು ನೋಡುತ್ತ ನಿಂತೆವು. ಆಮೇಲೆ ಅವರೇ, ನ್ಯಾಮತಿಯಲ್ಲಿ ಒಬ್ಬರು ಸ್ಟುಡಿಯೋದವರಿದ್ದಾರೆ, ಮದುವೆಗೆ ಮುಂಚೆ ಗಂಡುಹೆಣ್ಣನ್ನು ನೀರೊಳಗೆ ಮುಳುಗಿಸಿ ವಿಡಿಯೋ ಮಾಡುತ್ತೇನೆಂದು ಏನೇನೋ ತಂದಿಟ್ಟುಕೊಂಡಿದ್ದಾರೆ, ಕೇಳಿ ನೋಡಿ ಎಂದರು.

ನ್ಯಾಮತಿಯ ಸ್ಟುಡಿಯೋ ಇನ್ನೂ ಬಾಗಿಲು ತೆರೆದಿರಲಿಲ್ಲ. ಬೋರ್ಡಿನ ಮೇಲಿದ್ದ ನಂಬರಿಗೆ ಫೋನು ಮಾಡಿ ಕರೆಸಿದೆ. ಲುಂಗಿಯಲ್ಲೇ ಬಂದ ಅವರು ಕಪಾಟಿನ ತಳದಿಂದ ಒಂದು ಜೊತೆ ಲೈಟು ತೆಗೆದರು. ಮುಷ್ಟಿಯಷ್ಟು ದೊಡ್ಡವು, ಕಪ್ಪು ಅಲ್ಯೂಮಿನಿಯಂ, ಅಗಲ ಬೆಳಕು, ಬಿಚ್ಚುವ ಬ್ಯಾಟರಿ. ನಾನು ಎಷ್ಟೋ ಸಂಜೆ ಬುಟ್ಟಿಗೆ ಹಾಕಿ ತೆಗೆದಿದ್ದ ಜಾತಿಯದೇ.

"ಒಂದ್ ಸರ್ತಿ ಸ್ವಿಮ್ಮಿಂಗ್ ಪೂಲಿಗೆ ಇಳಿಸಿದ್ದು ಅಷ್ಟೇ ರೀ" ಅಂದರು. "ಹುಡ್ಗಿ ನೀರಿಗೆ ಹೆದರಿ ಅತ್ತಳು. ಶೂಟಿಂಗೇ ಕ್ಯಾನ್ಸಲ್. ಈಗ ಇವನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿತೈತೆ, ತಗಂಡ್ ಹೋಗಿ ಪುಣ್ಯ ಕಟ್ಕೊಳ್ರಿ."

ರಬ್ಬರ್ ರಿಂಗುಗಳನ್ನು ಬಿಚ್ಚಿ ಉಗುರಿನಿಂದ ಸವರಿ ನೋಡಿದೆ. ಒಂದು ಒಣಗಿತ್ತು. ನನ್ನ ಚೀಲದಲ್ಲಿದ್ದ ಸಿಲಿಕಾನ್ ಗ್ರೀಸು ಹಚ್ಚಿ, ಬಕೆಟ್ಟಿನಲ್ಲಿ ಮುಳುಗಿಸಿ, ಅವರು ಚಹಾ ತರಿಸಿ ಕುಡಿಸುವ ತನಕ ಬಿಟ್ಟೆ. ಒಳಗೆ ಹನಿ ನೀರಿಲ್ಲ. ಅವರು ಹೇಳಿದಷ್ಟು ದುಡ್ಡು ಕೊಟ್ಟು ಎದ್ದೆ. ಒಂದು ವರ್ಷ ತೂಗಿ ನೋಡಿದ್ದ ವಿಷಯ ಒಂದು ಚಹಾದಲ್ಲಿ ಮುಗಿಯಿತು. ಸಂತೋಷವಾಗಬೇಕಿತ್ತು, ಆಗಲಿಲ್ಲ.

ಬೈಕನ್ನು ಅಲ್ಲೇ ಬಿಟ್ಟು ಬಸ್ಸು ಬದಲಿಸುತ್ತ ಜಗಳೂರು ಮುಟ್ಟಿ, ಭಾವಮೈದುನನ ಗಾಡಿಯಲ್ಲಿ ಹಳ್ಳಿ ಸೇರುವಷ್ಟರಲ್ಲಿ ಹೊತ್ತು ವಾಲಿತ್ತು. ದಾರಿಯುದ್ದಕ್ಕೂ ಮೆಕ್ಕೆಜೋಳ, ಅಲ್ಲಲ್ಲಿ ಕುರಿ ಹಿಂಡು. ಬಾವಿ ಮನೆಯ ಹಿಂದೆಯೇ ಇತ್ತು. ಕಲ್ಲು ಕಟ್ಟಿದ, ಒಳಗೆ ಮೆಟ್ಟಿಲಿದ್ದ ಹಳೆಯ ಬಾವಿ. ಅಂಗಳದಲ್ಲೇ ಕೂತು ಅಲ್ಯೂಮಿನಿಯಂ ಪಟ್ಟಿಯೊಂದರ ನಡುವೆ ಕ್ಯಾಮೆರಾ, ಅದರ ಎರಡು ಪಕ್ಕಕ್ಕೆ ಲೈಟು ಬಿಗಿದು, ಕೆಳಗೆ ಭಾರಕ್ಕೆ ಹಳೆಯ ಬೇರಿಂಗ್ ಕಟ್ಟಿದೆ.

ಇನ್ನೇನು ಇಳಿಸಬೇಕು, ಭಾವಮೈದುನನ ಹೆಂಡತಿ ತಟ್ಟೆ ಹಿಡಿದು ಬಂದಳು. ಗಂಗೆ ಪೂಜೆ ಮಾಡದೆ ಬಾವಿಗೆ ಹೊಸದೇನನ್ನೂ ಇಳಿಸುವಂತಿಲ್ಲ. ಇದನ್ನು ಅವಳು ನನಗೆ ಹೇಳಬೇಕಾಗಿರಲಿಲ್ಲ. ಪೂಜೆಯಿಲ್ಲದೆ ಮೋಟರು ಇಳಿಸಲು ಹೊರಟ ಎಷ್ಟು ಜನರನ್ನು ನಾನೇ ತಡೆದು ನಿಲ್ಲಿಸಿಲ್ಲ! ಅವಳು ಅರಿಸಿನ ಕುಂಕುಮ ಹಾಕಿದಳು, ಹಾಲು ಬಿಟ್ಟಳು, ಹೂವು ಎಸೆದಳು. ನಾನು ಭಕ್ತಿಯಿಂದ ಕಾಯಿ ಒಡೆದು ಅದರ ನೀರನ್ನೂ ಬಾವಿಗೇ ಸುರಿದೆ. ಕೈಮುಗಿದು ಕ್ಯಾಮೆರಾ ಇಳಿಸಿದೆ.

ನೀರೊಳಗೆ ಹೋದ ಕ್ಯಾಮೆರಾದಿಂದ ಮೊಬೈಲಿಗೆ ಚಿತ್ರ ಬರುವುದಿಲ್ಲ. ಒಂದು ಗೇಣು ಮುಳುಗಿದರೆ ಸಾಕು, ಸಂಪರ್ಕ ಹೋಗುತ್ತದೆ. ಇಳಿಸಬೇಕು, ಕಾಯಬೇಕು, ಎಳೆದು ನೋಡಬೇಕು. ಎಳೆದು ನೋಡಿದರೆ ಹಳದಿ ಗೋಡೆ. ಹಾಲು, ಅರಿಸಿನ, ಹಿಂದಿನ ದಿನದ ಕೆಸರು ಎಲ್ಲ ಸೇರಿ ಲೈಟಿನ ಮುಂದೆ ಹೊಳೆಯುತ್ತಿದ್ದವು. ಬೆಳಕು ಸಾಲದೆಂದು ಪೂರ್ತಿ ಏರಿಸಿ ಮತ್ತೆ ಇಳಿಸಿದೆ. ಗೋಡೆ ಇನ್ನೂ ದಪ್ಪವಾಯಿತು. ಮಂಜಿನಲ್ಲಿ ಗಾಡಿಯ ದೊಡ್ಡ ದೀಪ ಹಾಕಿದಂತೆ. ಮೋಟರಿಗೆ ಕಣ್ಣಿಲ್ಲ, ಅರಿಸಿನದ ನೀರಾದರೂ ಅದಕ್ಕೊಂದೇ, ಕ್ಯಾಮೆರಾಕ್ಕೆ ಹಾಗಲ್ಲ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ನನ್ನ ಮೇಲಿನ ಸಿಟ್ಟನ್ನು ಭಾವಮೈದುನನ ಮೇಲೆ ತೀರಿಸಿದೆ, "ಹಗ್ಗ ಅಲ್ಲಾಡಿಸಬೇಡ ಅಂತ ಎಷ್ಟ್ ಸರ್ತಿ ಹೇಳ್ಬೇಕೋ ನಿಂಗೆ" ಎಂದು. ಪಾಪ, ಅವನು ಹಗ್ಗವನ್ನು ಮುಟ್ಟಿಯೇ ಇರಲಿಲ್ಲ.

ನೀರು ತಿಳಿಯಾಗುವ ತನಕ, ಅಂದರೆ ಬೆಳಗಿನ ತನಕ, ಕಾಯುವುದೊಂದೇ ದಾರಿ. ಅಂದರೆ ಅತ್ತೆಗೆ ಇನ್ನೊಂದು ರಾತ್ರಿ ಉಪವಾಸ. ಅದನ್ನು ಹೇಳಲು ನಾನೇ ಒಳಗೆ ಹೋದೆ.

ಅವರು ಅಳಿಯನ ಎದುರಿಗೆ ನಿಂತು ಮಾತಾಡಿದವರಲ್ಲ. ಯಾವಾಗಲೂ ಬಾಗಿಲ ಮರೆಯಿಂದ, ಅದೂ ಬೇರೆ ಯಾರಿಗೋ ಹೇಳಿದ ಹಾಗೆ. ಆ ಸಂಜೆಯೂ ಒಳಮನೆಯ ಗೋಡೆಗೆ ಒರಗಿ ಕೂತು, ಸೆರಗಿನ ತುದಿಯನ್ನು ಬರಿದಾದ ಕೊರಳಿಗೆ ಸುತ್ತಿಕೊಂಡಿದ್ದರು. ನಾನು ಹೊಸ್ತಿಲ ಈಚೆ ನಿಂತು, "ನಾಳೆ ಬೆಳಿಗ್ಗೆ ಆಗ್ತೈತೆ, ಇವತ್ತು ಒಂದ್ ಲೋಟ ಗಂಜಿನಾದ್ರೂ" ಅಂದೆ.

"ಬ್ಯಾಡ" ಅಂದರು. ಆಮೇಲೆ, "ದಾರ ಸವೆದೈತೆ ಅಂತ ನಂಗೆ ಗೊತ್ತಿತ್ತು. ಬಿಚ್ಚಾಕೆ ಮನಸ್ಸು ಬರ್ಲಿಲ್ಲ. ನಿಮ್ ಮನೆಯಾಕಿ ಹೊಸೆದಿದ್ದು ಅದು. ಅಂಗಡಿ ದಾರ ಹೆಂಗೆ ಹಾಕ್ಕೊಳ್ಳಿ?"

ನನ್ನ ಹೆಂಡತಿ ವರ್ಷಕ್ಕೊಂದು ಸಲ ತವರಿಗೆ ಬಂದು ತಾಯಿಯ ಶಿವದಾರ, ಅಂದರೆ ಲಿಂಗ ಕಟ್ಟುವ ದಾರ, ಹೊಸೆದು ಕೊಡುತ್ತಿದ್ದಳು. ನನಗದು ಗೊತ್ತಿತ್ತು, ಮರೆತಿದ್ದೆ. ಅವಳಿಗಾಗಿ ಅತ್ತವನು ನಾನೊಬ್ಬನೇ ಎಂದು ಇಷ್ಟು ದಿನ ನಡೆದುಕೊಂಡಿದ್ದೆನಲ್ಲ ಅನ್ನಿಸಿತು. ಆ ರಾತ್ರಿ ಬಡಿಸಿದ ರೊಟ್ಟಿಯನ್ನು ಮುರಿದು ಹಾಗೇ ಬಿಟ್ಟೆ.

ಬೆಳಿಗ್ಗೆ ಯಾರೂ ಬಾವಿಯ ಹತ್ತಿರ ಬರಬೇಡಿ ಎಂದು ಹೇಳಿ, ಲೈಟುಗಳನ್ನು ಕ್ಯಾಮೆರಾದಿಂದ ಇನ್ನೂ ದೂರಕ್ಕೆ, ಪಟ್ಟಿಯ ತುತ್ತತುದಿಗೆ ಸರಿಸಿ, ಓರೆಯಾಗಿ ತಿರುಗಿಸಿ, ಬೆಳಕನ್ನು ಎಲ್ಲಕ್ಕಿಂತ ಕಡಿಮೆಗೆ ಇಟ್ಟೆ. ಅಷ್ಟೊಂದು ಲುಮೆನ್ ಲೆಕ್ಕ ಹಾಕಿದವನು ಕೊನೆಗೆ ಎಣ್ಣೆ ದೀಪದಷ್ಟು ಬೆಳಕಿಗೆ ಬಂದು ನಿಂತೆ. ಮೆಲ್ಲಗೆ ಇಳಿಸಿದೆ.

ಈ ಸಲ ನೆಲ ಕಂಡಿತು. ಒಂದು ಸ್ಟೀಲ್ ಚೊಂಬು. ಒಂಟಿ ಹವಾಯಿ ಚಪ್ಪಲಿ. ಒಡೆದ ಪ್ಲಾಸ್ಟಿಕ್ ಕೊಡದೊಳಗಿಂದ ಬೆರಳುದ್ದದ ಮೀನು ಹೊರಗೆ ಬಂದು ಲೈಟನ್ನು ನೋಡಿ ಮತ್ತೆ ಒಳಗೆ ಹೋಯಿತು. ನಾನು ಕಂಡ ಮೊದಲ ಮೀನು ಅದು. ಬೇರೆ ದಿನವಾಗಿದ್ದರೆ ಹಿಗ್ಗುತ್ತಿದ್ದೆ. ಹಗ್ಗವನ್ನು ಮೊಳದಷ್ಟು ಸರಿಸುವುದು, ಇಳಿಸುವುದು, ಎಳೆಯುವುದು, ಟವಲ್ ಮುಸುಕಿನಲ್ಲಿ ಮೊಬೈಲು ನೋಡುವುದು. ಬಿಸಿಲು ಏರಿತು. ಕಣ್ಣು ಉರಿಯತೊಡಗಿತು.

ಮೆಟ್ಟಿಲಿನ ಕೊನೆಯ ಕಲ್ಲಿನ ಪಕ್ಕ, ಕೆಸರಿನಿಂದ ಮೊಳಕೆಯ ಹಾಗೆ ಎದ್ದು ನಿಂತ ಒಂದು ಎಳೆ ಕಂಡಿತು. ಚಿತ್ರವನ್ನು ನಿಲ್ಲಿಸಿ, ಹಿಗ್ಗಿಸಿ ನೋಡಿದೆ. ಮೂರೆಳೆಯ ದಾರ, ಒಂದರ ಪಕ್ಕ ಒಂದು ಎರಡು ಗಂಟು. ಯಾವುದಕ್ಕೂ ಒಂದು ಗಂಟು ನಂಬದವಳು ನನ್ನ ಹೆಂಡತಿ. ಊಟದ ಡಬ್ಬಿಯ ಬಟ್ಟೆಗೂ ಎರಡು ಗಂಟು ಹಾಕುತ್ತಿದ್ದಳು, ತೋಟಗಳಿಗೆ ಕೆಲಸಕ್ಕೆ ಹೋದ ನಾನು ಬಿಚ್ಚಲಾರದೆ ಶಾಪ ಹಾಕುತ್ತಿದ್ದೆ. ಟವಲಿನೊಳಗೇ ಅತ್ತುಬಿಟ್ಟೆ. ಹೊರಗೆ ನಿಂತಿದ್ದ ಭಾವಮೈದುನ, "ಏನಾತು ಭಾವ, ಬ್ಯಾಟರಿ ಹೋತಾ?" ಎಂದ.

ಕೊಡ ಬಾವಿಗೆ ಬಿದ್ದಾಗ ಎತ್ತುವ ಕೊಂಡಿಗಳ ಗೊಂಚಲಿಗೆ ಪಾತಾಳಗರಡಿ ಎನ್ನುತ್ತಾರೆ. ಮನೆಮನೆಗೆ ನಲ್ಲಿ ಬಂದ ಮೇಲೆ ಊರಿನಲ್ಲಿ ಒಂದೇ ಉಳಿದಿತ್ತು. ಅದನ್ನು ತರಿಸಿ ಕ್ಯಾಮೆರಾದ ಕೆಳಗೆ ಕಟ್ಟಿ, ಕುರುಡನ ಹಾಗೆ ಅಂದಾಜಿನ ಮೇಲೆ ಇಳಿಸಿದೆ. ಒಮ್ಮೆ ಚಪ್ಪಲಿ ಬಂತು. ಒಮ್ಮೆ ಏನೂ ಬರಲಿಲ್ಲ. ಆಮೇಲೊಮ್ಮೆ ಕೊಂಡಿಯೊಂದಕ್ಕೆ ತೊಡರಿಕೊಂಡ ದಾರ, ದಾರದ ತುದಿಗೆ ಕೆಸರು ಮೆತ್ತಿದ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ.

ಭಾವಮೈದುನ ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂಗುತ್ತ ಮನೆಗೆ ಓಡಿದ. ಅವನ ಹಿಂದೆ ನೆರೆಹೊರೆಯವರೆಲ್ಲ ಓಡಿದರು. ನಾನೊಬ್ಬನೇ ಬಾವಿಯ ಕಟ್ಟೆಯ ಮೇಲೆ ಉಳಿದೆ. ಒದ್ದೆ ಹಗ್ಗ ಸುತ್ತುತ್ತ, ಒಳಗಿನ ಗಂಟೆಯ ಸದ್ದು, ನಗು, ಅಳು ಕೇಳುತ್ತಿದ್ದೆ. ಲೈಟುಗಳು ಬಿಸಿಲಿನಲ್ಲಿ ಸುಮ್ಮನೆ ಉರಿಯುತ್ತಿದ್ದವು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಕಳೆದದ್ದು ಸಿಕ್ಕಿದ ಮನೆಯ ಸದ್ದು ಅದು. ನನ್ನದು ಯಾವ ಲೈಟು ಹಾಕಿದರೂ ಸಿಗುವಂಥದ್ದಲ್ಲ. ನೀರಿಗೆ ಬಿದ್ದ ಎಲೆಯೊಂದನ್ನು ನೋಡುತ್ತ ಬಹಳ ಹೊತ್ತು ಕೂತೆ, ಕರೆಯುವವರು ಬರುವ ತನಕ.

ಅತ್ತೆ ಮಿಂದು, ಪೂಜೆ ಮಾಡಿ, ಮೆತ್ತಗೆ ಬೇಯಿಸಿದ ಅನ್ನಕ್ಕೆ ಹಾಲು ಹಾಕಿಕೊಂಡು ಉಂಡರು. ನಾನೂ ಉಂಡು, ಸಾಮಾನು ಚೀಲಕ್ಕೆ ತುಂಬಿ ಹೊರಟೆ. ಚಪ್ಪಲಿ ಮೆಟ್ಟುತ್ತಿರುವಾಗ ಅವರು ಬಾಗಿಲ ಮರೆಯಿಂದ ಈಚೆ ಬಂದು ನಿಂತರು.

"ಅಳಿಯಂದ್ರೇ, ಮನಿ ಮುಟ್ಟಿ, ಉಂಡು, ಒಂದ್ ಫೋನ್ ಮಾಡಿಸ್ರಿ. ಅಲ್ಲೀತನಕ ಕಾಯ್ತೀನಿ."

ದೊಡ್ಡವರು ಹೊರಡುವವರಿಗೆ ಹೇಳುವ ಮಾತು ಎಂದುಕೊಂಡು "ಹೂಂ" ಅಂದೆ.

ಬೈಕು ನ್ಯಾಮತಿಯಲ್ಲಿತ್ತು, ಅದನ್ನು ನಾಳೆ ನೋಡಿಕೊಂಡರಾಯಿತೆಂದು ನೇರ ಚನ್ನಗಿರಿಗೆ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಒಂದು ಬನ್ನು ತಿಂದೆ. ದೀಪ ಹಚ್ಚುವ ಹೊತ್ತು. ಮೆಟ್ಟಿಲು ಹತ್ತಿ, ಸತ್ತಿದ್ದ ಮೊಬೈಲನ್ನು ಚಾರ್ಜಿಗೆ ಹಾಕಿ, ಬಟ್ಟೆ ಕೂಡ ಬದಲಿಸದೆ ಚಾಪೆಯ ಮೇಲೆ ಅಡ್ಡಾದೆ. ಒಲೆ ಹಚ್ಚುವ ಯೋಚನೆ ಇರಲಿಲ್ಲ. ಒಬ್ಬನಿಗಾಗಿ ಏನು ಬೇಯಿಸುವುದು ಎಂಬ ಮಾತು ಆ ಮನೆಯಲ್ಲಿ ಹಳೆಯದಾಗಿತ್ತು.

ಮೊಬೈಲಿಗೆ ಜೀವ ಬಂದ ಕೂಡಲೇ ಅದು ಹೊಡೆದುಕೊಂಡಿತು. ಭಾವಮೈದುನ.

"ಭಾವ, ಎಲ್ಲಿದ್ದೀರಿ? ಆಗ್ಲಿಂದ ಹಚ್ತಾ ಇದೀನಿ. ಉಂಡ್ರಾ?"

"ಹೂಂ, ಉಂಡೆ."

ಆ ಕಡೆಯಿಂದ, ಸ್ವಲ್ಪ ದೂರದಲ್ಲಿ, ಅತ್ತೆಯ ಧ್ವನಿ: "ಏನು ಉಂಡ್ರಂತೆ ಕೇಳು."

ಬನ್ನು ಎನ್ನಲಾಗಲಿಲ್ಲ. ಅನ್ನ ಸಾರು ಎಂದು ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. "ಅವ್ವ ತಟ್ಟೆ ಮುಂದೆ ಕುಂತೈತೆ ಭಾವ" ಎಂದು ಅವನು ತಗ್ಗಿದ ಧ್ವನಿಯಲ್ಲಿ ಹೇಳಿದ. "ಎಷ್ಟು ಹೇಳಿದ್ರೂ ಅನ್ನ ನೀಡಿಸ್ಕೊಳ್ಳವಲ್ದು."

"ಇನ್ನೂ ಇಲ್ಲಪ್ಪ" ಅಂದೆ.

ಅವನು ಅದನ್ನು ಆಚೆ ಹೇಳಿದ. ಬೈಗುಳ ಬರುತ್ತದೆಂದು ಕಾದೆ. "ಹಂಗಾದ್ರೆ ಮಾಡ್ಕೊಂಡು ಉಣ್ಣಾಕೆ ಹೇಳು" ಅಂದರು ಅತ್ತೆ. "ನಂಗೇನು ಅವಸರ ಇಲ್ಲ."

ಎದ್ದು ಲೈಟು ಹಾಕಿದೆ. ಅಕ್ಕಿ ತೊಳೆದೆ. ಬೇಳೆ ಇತ್ತು, ಟೊಮೆಟೊ ಎರಡು ಬಾಡಿದ್ದವು, ಬೆಳ್ಳುಳ್ಳಿ ಸುಲಿದೆ. ಕುಕ್ಕರು ಕೂಗುವ ತನಕ ಅದರ ಮುಂದೆಯೇ ನಿಂತಿದ್ದೆ. ನನ್ನಿಂದಾಗಿ ಯಾರಿಗೋ ತಡವಾಗುತ್ತಿದೆ ಎಂಬ ಗಾಬರಿ ಬಂದು ಎಷ್ಟು ಕಾಲವಾಗಿತ್ತೋ. ತಟ್ಟೆ ಹಾಕಿಕೊಂಡು, ನೆಲಕ್ಕೆ ಕೂತು, ಬಿಸಿಯಿದ್ದಂತೆಯೇ ಬಾಯಿ ಸುಟ್ಟುಕೊಂಡು ಉಂಡೆ. ಕೈ ತೊಳೆದು ಫೋನು ಮಾಡಿದೆ. ಈ ಸಲ ಭಾವಮೈದುನ ಅದನ್ನು ಅತ್ತೆಯ ಕೈಗೇ ಕೊಟ್ಟ.

"ಅತ್ತೆ, ಉಂಡೆ. ಅನ್ನ, ಬೇಳೆ ಸಾರು."

ಅವರು ಆಚೆ ತಿರುಗಿ ಸೊಸೆಗೆ ಹೇಳಿದ್ದು ಕೇಳಿಸಿತು: "ಹೂಂ, ನೀಡವ್ವ ನಂಗೆ."